ಚಹಾದ ಊರಿಗೆ ಕಾಫಿ ಕುಡಿಯುವ ಅತಿಥಿ ಬಂದಾಗ

ಕಲಬುರಗಿ ಕಡೆ ಮನೆಗೆ ಯಾರೇ ಬರಲಿ, ಮೊದಲು ಕುಡಿಯಲು ನೀರು, ನೀರಿನ ಹಿಂದೆಯೇ ಚಹಾ. "ಚಾ ಕುಡೀತೀರೇನ್ರಿ" ಅಂತ ಕೇಳುವ ರೂಢಿಯೂ ಕಡಿಮೆ. ಬಂದವರು ಕೂಡ್ರುವುದರೊಳಗೆ ಒಲೆ ಮೇಲೆ ಬೋಗುಣಿ ಏರಿರುತ್ತದೆ. ಈ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ನಮ್ಮ ಒಲೆ ಇವತ್ತಿಗೂ ಚಹಾದ ಒಲೆಯೇ.

ಈಗ ಬರುವ ಅತಿಥಿಗಳು ಮೊದಲಿನಂತಿಲ್ಲ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ರಾಜ್ಯದ ಹುಡುಗರು ಓದುತ್ತಾರೆ. ಬೀದರಿನ ವಾಯುಪಡೆ ನೆಲೆಗೆ ದೇಶದ ಎಲ್ಲ ಮೂಲೆಯವರು ಬರುತ್ತಾರೆ. ಗುರುನಾನಕ್ ಝೀರಾ ಗುರುದ್ವಾರಕ್ಕೆ ಪಂಜಾಬಿನವರು, ಬಂದಾ ನವಾಜರ ಉರುಸಿಗೆ ದೂರದೂರಿನವರು, ಸನ್ನತಿ ಮತ್ತು ಬುದ್ಧ ವಿಹಾರಕ್ಕೆ ಬೌದ್ಧ ಭಿಕ್ಷುಗಳು. ಮೈಸೂರಿನ ಬೀಗರು, ಗಲ್ಫ್‌ನಲ್ಲಿರುವ ಮಗನ ಗೆಳೆಯರು ಬೇರೆ. ಹಾಗಾಗಿ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಅವರು ಕಾಫಿ ಕುಡಿಯುವವರು, ನಮಗೆ ಮಾಡಾಕ ಬರಂಗಿಲ್ಲ. ಊಟಕ್ಕೆ ಏನು ಮಾಡೋಣ, ಏನು ಬಿಡೋಣ?"

ನನ್ನ ಲೆಕ್ಕ ಇಷ್ಟು: ಕುಡಿಯಲು ಕೊಡುವುದು ಅವರ ರುಚಿಗೆ ಇರಲಿ, ಊಟ ನಮ್ಮದೇ ಇರಲಿ. ದೂರದಿಂದ ಬಂದವರು ನಮ್ಮ ಮನೆಯಲ್ಲಿ ಅರೆಬೆಂದ ಪಾಸ್ತಾ ತಿನ್ನಲು ಬಂದಿಲ್ಲ. ಆದರೆ ಪ್ರಯಾಣ ಮಾಡಿ ದಣಿದ ದೇಹಕ್ಕೆ ಮೊದಲ ಗುಟುಕು ಪರಿಚಯದ್ದಾಗಿದ್ದರೆ ಅರ್ಧ ದಣಿವು ಅಲ್ಲೇ ಇಳಿಯುತ್ತದೆ.

1. ಬರುವ ಮೊದಲೇ ಕೇಳಿ

ಫೋನ್ ಮಾಡಿ ನಾಲ್ಕು ಮಾತು ಕೇಳಿದರೆ ಸಾಕು. ಚಹಾನೋ ಕಾಫಿನೋ, ಹಾಲು ಸಕ್ಕರೆ ಹಾಕಬೇಕೋ ಬೇಡವೋ? ಖಾರ ಎಷ್ಟು ನಡೆಯುತ್ತದೆ? ಯಾವುದಾದರೂ ಪದಾರ್ಥ ದೇಹಕ್ಕೆ ಆಗುವುದಿಲ್ಲವೇ? ಉಪವಾಸ, ಊಟದ ಹೊತ್ತಿನ ನಿಯಮ ಏನಾದರೂ ಇದೆಯೇ?

ಕೇಳುವ ರೀತಿಯೂ ಮುಖ್ಯ. "ನೀವು ಯಾವ ಜನ?" ಅಂತ ಬಳಸುದಾರಿಯಲ್ಲಿ ಜಾತಿ ಧರ್ಮ ತಿಳಿದುಕೊಂಡು, ಅದರ ಮೇಲೆ ಊಟ ಊಹಿಸುವುದು ನಮ್ಮಲ್ಲಿ ಹಳೆಯ ಚಟ. ದಯವಿಟ್ಟು ಬಿಡಿ. ಅದು ಅವರ ಮನಸ್ಸಿಗೆ ಚುಚ್ಚುತ್ತದೆ, ಊಹೆಯೂ ತಪ್ಪುತ್ತದೆ. ಮಾಂಸ ಮುಟ್ಟದ ಬಂಗಾಳಿಗಳಿದ್ದಾರೆ, ಚಹಾ ಬಾಯಿಗೆ ಹಾಕದ ಹೈದರಾಬಾದಿಗಳಿದ್ದಾರೆ. "ನೀವು ಏನು ಊಟ ಮಾಡ್ತೀರಿ, ಏನು ಮಾಡಂಗಿಲ್ಲ ಹೇಳ್ರಿ, ಹಂಗೇ ಮಾಡ್ತೀವಿ" ಎಂದು ನೇರವಾಗಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

2. ತರಬೇಕಾದ ಸಾಮಾನು

ಹಿತ್ತಾಳೆ ಅಥವಾ ಸ್ಟೀಲಿನ ಕಾಫಿ ಫಿಲ್ಟರ್ ಒಂದು. ನಾಲ್ಕು ಜನರ ಅಳತೆಯದು ಮನೆಗೆ ಸಾಕು. ಕಾಫಿ ಪುಡಿ 100 ಅಥವಾ 200 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಲ್ಲಿ ತೆರೆದ ಪೊಟ್ಟಣದ ಪುಡಿ ಎರಡು ವಾರದಲ್ಲಿ ಮಣ್ಣಿನಂತಾಗುತ್ತದೆ. ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟು, ಒಲೆಯಿಂದ ದೂರ ಇಡಿ.

ಪೊಟ್ಟಣದ ಮೇಲೆ 80:20, 70:30, 60:40 ಅಂತ ಬರೆದಿರುತ್ತದೆ. ಮೊದಲ ಅಂಕಿ ಕಾಫಿ, ಎರಡನೆಯದು ಚಿಕೋರಿ. ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದು ಕಾಫಿಗೆ ಕಪ್ಪು ಬಣ್ಣ, ಮಂದ, ಸ್ವಲ್ಪ ಕಹಿ ಕೊಡುತ್ತದೆ, ಆದರೆ ಅದರಲ್ಲಿ ಕೆಫೀನ್ ಇಲ್ಲ. ಮೈಸೂರು, ಬೆಂಗಳೂರು ಕಡೆಯವರಿಗೆ 80:20 ಅಥವಾ 70:30 ಸರಿಹೋಗುತ್ತದೆ. ಅರಬ್, ತುರ್ಕಿ, ಇಥಿಯೋಪಿಯಾ, ಯುರೋಪಿನವರಿಗೆ ಚಿಕೋರಿ ಇಲ್ಲದ ಬರೀ ಕಾಫಿ ಪುಡಿಯೇ ಬೇಕು. ಒಂದೇ ಪೊಟ್ಟಣದಲ್ಲಿ ಎಲ್ಲರನ್ನೂ ಸಂಭಾಳಿಸಬೇಕೆಂದರೆ ಚಿಕೋರಿ ಇಲ್ಲದ್ದನ್ನೇ ತನ್ನಿ.

3. ಫಿಲ್ಟರ್ ಕಾಫಿ, ಮೊದಲ ಸಲ ಮಾಡುವವರಿಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮವರು ಎಡವುವುದೆಲ್ಲ ಇಲ್ಲೇ, ಅದಕ್ಕೆ ಕಾರಣ ಚಹಾದ ಅಭ್ಯಾಸ. ಚಹಾ ಕುದ್ದಷ್ಟೂ ಖಡಕ್ ಆಗುತ್ತದೆ. ಕಾಫಿ ಕುದ್ದಷ್ಟೂ ಕೆಡುತ್ತದೆ.

ಮೊದಲು ನೀರು. ಬೋರಿನ ಸವಳು ನೀರಲ್ಲಿ ಎಂಥ ಒಳ್ಳೆಯ ಪುಡಿಯೂ ಚಪ್ಪೆ. ಚಹಾದಲ್ಲಿ ಶುಂಠಿ, ಏಲಕ್ಕಿ ಆ ರುಚಿಯನ್ನು ಮುಚ್ಚಿಬಿಡುತ್ತವೆ, ಕಾಫಿಯಲ್ಲಿ ಮುಚ್ಚುವವರು ಯಾರೂ ಇಲ್ಲ. ಕುಡಿಯಲು ಬಳಸುವ ಶುದ್ಧೀಕರಿಸಿದ ಸಿಹಿನೀರನ್ನೇ ಬಳಸಿ.

ಫಿಲ್ಟರಿನ ಎರಡೂ ಡಬ್ಬಿಗಳು ಒಣಗಿರಲಿ. ತೂತುಗಳಿರುವ ಮೇಲಿನ ಡಬ್ಬಿಗೆ 30 ಗ್ರಾಂ ಪುಡಿ ಹಾಕಿ. ಕೊಡೆಯಂಥ ಕಡ್ಡಿಯ ತಟ್ಟೆಯನ್ನು ಅದರ ಮೇಲಿಟ್ಟು, ಹೂವಿನ ಭಾರದಷ್ಟು ಮಾತ್ರ ಒತ್ತಿ. ರೊಟ್ಟಿ ಬಡಿದ ಕೈ ಜೋರಾಗಿ ಒತ್ತಿಬಿಡುತ್ತದೆ, ಆಗ ನೀರು ಇಳಿಯುವುದೇ ಇಲ್ಲ. ಒತ್ತದೇ ಬಿಟ್ಟರೆ ಎರಡು ನಿಮಿಷದಲ್ಲಿ ಸರ್ರನೆ ಇಳಿದು ತಿಳಿಯಾದ ನೀರು ಸಿಗುತ್ತದೆ.

ನೀರನ್ನು ಕುದಿಸಿ, ಇಳಿಸಿ, ಅರ್ಧ ನಿಮಿಷ ಬಿಡಿ. ಮೊದಲು ಎರಡು ಚಮಚದಷ್ಟು ನೀರು ಸುತ್ತ ಹಾಕಿ ಪುಡಿ ನೆನೆಯಲು ಬಿಡಿ. ಪುಡಿ ಉಬ್ಬಿ, ಸಣ್ಣ ಗುಳ್ಳೆ ಬಂದರೆ ಅದು ತಾಜಾ ಎಂದರ್ಥ. ಒಂದು ನಿಮಿಷದ ಮೇಲೆ ಉಳಿದ ನೀರು ಹಾಕಿ, ಒಟ್ಟು 200 ಮಿಲಿ ಆಗುವಂತೆ. ಮುಚ್ಚಳ ಹಾಕಿ 15ರಿಂದ 20 ನಿಮಿಷ ಮುಟ್ಟಬೇಡಿ. ಕಿವಿ ಹತ್ತಿರ ತಂದರೆ ತಳದ ಡಬ್ಬಿಯಲ್ಲಿ ಟಪ್ ಟಪ್ ಹನಿ ಬೀಳುವುದು ಕೇಳುತ್ತದೆ. ಹನಿ ನಿಂತುಹೋಗಿದ್ದರೆ ಫಿಲ್ಟರನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ, ಮೇಲಿನಿಂದ ಚಮಚ ಆಡಿಸಬೇಡಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದುಕೊಳ್ಳುವುದರಿಂದ ಕೊನೆಗೆ ಸಿಗುವುದು ಸುಮಾರು 140 ಮಿಲಿ ಗಟ್ಟಿ ಕಷಾಯ. ಅದಕ್ಕೇ ಡಿಕಾಕ್ಷನ್ ಅನ್ನುವುದು. ನಾಲ್ಕು ಲೋಟಕ್ಕೆ ಸಾಕು.

ಹಾಲಿನ ಮಾತು. ನಮ್ಮಲ್ಲಿ ಎಮ್ಮೆ ಹಾಲು ಹೆಚ್ಚು. ಅದರ ಕೊಬ್ಬು ಕಾಫಿಯ ರುಚಿಯನ್ನು ನುಂಗುತ್ತದೆ. ಆಕಳ ಹಾಲು ಸಿಕ್ಕರೆ ಚಲೋ. ಎಮ್ಮೆ ಹಾಲೇ ಇದ್ದರೆ ಮೂರು ಪಾಲು ಹಾಲಿಗೆ ಒಂದು ಪಾಲು ನೀರು ಸೇರಿಸಿ. ಹಾಲು ಒಂದೇ ಒಂದು ಸಲ ಉಕ್ಕಿ ಬಂದೊಡನೆ ಇಳಿಸಿ. ಲೋಟಕ್ಕೆ ಮೊದಲು ಡಿಕಾಕ್ಷನ್ ಒಂದು ಪಾಲು, ಮೇಲೆ ಬಿಸಿ ಹಾಲು ಮೂರು ಪಾಲು. "ಸ್ಟ್ರಾಂಗ್" ಅಂದವರಿಗೆ ಹಾಲು ಎರಡೇ ಪಾಲು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎರಡು ಸಲ ಎತ್ತಿ ಸುರಿದರೆ ನೊರೆ ಬರುತ್ತದೆ. ಸಕ್ಕರೆ ಬೇರೆ ಬಟ್ಟಲಲ್ಲಿ ಇಡಿ. ನಾವು ಚಹಾಕ್ಕೆ ಹಾಕುವಷ್ಟು ಸಕ್ಕರೆ ಹೊರಗಿನವರಿಗೆ ಪಾಯಸ ಅನ್ನಿಸುತ್ತದೆ.

ಮೂರು ತಪ್ಪು ಮಾಡಬೇಡಿ. ಡಿಕಾಕ್ಷನ್ನನ್ನು ಹಾಲಿನ ಜೊತೆ ಒಲೆ ಮೇಲೆ ಕುದಿಸಬೇಡಿ. ಆರಿದ್ದರೆ ಡಬ್ಬಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟು ಬೆಚ್ಚಗೆ ಮಾಡಿ. ಒಮ್ಮೆ ಬಳಸಿದ ಪುಡಿಗೆ ಮತ್ತೆ ನೀರು ಹಾಕಿ ಅತಿಥಿಗೆ ಕೊಡಬೇಡಿ. ಚಹಾ ಸೋಸುವ ಜಾಳಿಗೆ ಬಳಸಬೇಡಿ, ಅದರಲ್ಲಿ ಹಳೆಯ ಶುಂಠಿ ವಾಸನೆ ಇರುತ್ತದೆ.

4. ದೂರ ದೇಶದವರ ಕಾಫಿ

ನಮ್ಮ ರಾಜ್ಯದ ಕಾಫಿಯ ಕಥೆ ಶುರುವಾಗುವುದೇ ಯೆಮನ್‌ನಿಂದ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅಲ್ಲಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬುದು ನಂಬಿಕೆ. ಗಿಡದ ತವರು ಇಥಿಯೋಪಿಯಾ. ಆದರೆ ಆ ಕಡೆಯವರು ಕುಡಿಯುವ ಕಾಫಿ ನಮ್ಮದರಂತಿಲ್ಲ.

ಅರಬರ ಕಾಫಿಗೆ ಗಹ್ವಾ ಅನ್ನುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ. ತಿಳಿಯಾಗಿ ಹುರಿದ ಬೀಜ, ಏಲಕ್ಕಿ, ಕೆಲವೊಮ್ಮೆ ಕೇಸರಿ. ಅರ್ಧ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ತರಿ ಪುಡಿ ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ, ಇಳಿಸಿ, ಜಜ್ಜಿದ ಏಲಕ್ಕಿ ಏಳೆಂಟು ಹಾಕಿ, ಐದು ನಿಮಿಷ ತಳಕ್ಕೆ ಕೂರಲು ಬಿಡಿ. ಕಾಫಿಯನ್ನು ಕುದಿಸಬಾರದು ಅಂದೆನಲ್ಲ, ಗಹ್ವಾ ಅದಕ್ಕೆ ಹೊರತು. ಬೀಜ ಕಡಿಮೆ ಹುರಿದಿರುವುದರಿಂದ ಕುದಿ ತಡೆಯುತ್ತದೆ. ಖರ್ಜೂರ ಪಕ್ಕದಲ್ಲಿರಲಿ. ಕಿವಿಯಿಲ್ಲದ ಪುಟ್ಟ ಬಟ್ಟಲಿಗೆ ಮೂರನೇ ಒಂದು ಪಾಲು ಮಾತ್ರ ಹಾಕಿ. ಇದು ಗಮನಿಸಿ: ನಮ್ಮಲ್ಲಿ ಅರ್ಧ ಲೋಟ ಕೊಟ್ಟರೆ ಜಿಪುಣತನ, ಅವರಲ್ಲಿ ತುಂಬಿ ಕೊಟ್ಟರೆ "ಕುಡಿದು ಹೊರಡಿ" ಎಂದಂತೆ. ಬಟ್ಟಲು ಬಲಗೈಯಲ್ಲಿ ಕೊಡಬೇಕು. ಅವರು ಖಾಲಿ ಬಟ್ಟಲನ್ನು ಮೆಲ್ಲಗೆ ಅಲುಗಿಸಿದರೆ ಸಾಕು ಎಂದರ್ಥ, ಅಲ್ಲಿಯವರೆಗೆ ಹಾಕುತ್ತಲೇ ಇರಬೇಕು. ಈ ಪದ್ಧತಿಯನ್ನು ಯುನೆಸ್ಕೊ 2015ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅದಕ್ಕೆ ಎರಡು ವರ್ಷ ಮೊದಲೇ ತುರ್ಕಿ ಕಾಫಿಯೂ ಸೇರಿತ್ತು.

ತುರ್ಕಿಯವರದು ಮೈದಾದಷ್ಟು ನುಣ್ಣಗಿನ ಪುಡಿ. ನೀರು, ಪುಡಿ, ಬೇಕಾದರೆ ಸಕ್ಕರೆ ಒಟ್ಟಿಗೇ ಹಾಕಿ ಸಣ್ಣ ಉರಿಯಲ್ಲಿ ನೊರೆ ಏಳುವವರೆಗೆ ಕಾಯಿಸುತ್ತಾರೆ, ಸೋಸುವುದಿಲ್ಲ. ಚರಟ ಬಟ್ಟಲ ತಳದಲ್ಲಿ ಕೂರುತ್ತದೆ. ಕೊಟ್ಟ ಮೇಲೆ ಚಮಚ ಹಾಕಿ ಕಲಕಬೇಡಿ. ಪಕ್ಕದಲ್ಲಿ ಒಂದು ಲೋಟ ನೀರು ಇಡಲೇಬೇಕು, ಅದು ನಮಗೆ ಹೇಗೂ ರೂಢಿ. ಈ ಪುಡಿಯನ್ನು ನಮ್ಮ ಫಿಲ್ಟರಿಗೆ ಹಾಕಬೇಡಿ, ತೂತುಗಳು ಕಟ್ಟಿಕೊಳ್ಳುತ್ತವೆ.

ಇಥಿಯೋಪಿಯಾದವರ ಕಾಫಿ ಒಂದು ಆಚರಣೆಯೇ. ಹಸಿ ಬೀಜವನ್ನು ಅತಿಥಿಯ ಎದುರಿಗೇ ಹುರಿದು, ಹೊಗೆಯ ಪರಿಮಳ ಎಲ್ಲರಿಗೂ ಮುಟ್ಟಿಸಿ, ಕುಟ್ಟಿ, ಜೆಬೆನಾ ಎಂಬ ಉದ್ದ ಕುತ್ತಿಗೆಯ ಮಣ್ಣಿನ ಹೂಜಿಯಲ್ಲಿ ಕಾಯಿಸುತ್ತಾರೆ. ಮೂರು ಸುತ್ತು ಹಾಕುತ್ತಾರೆ: ಅಬೋಲ್, ತೋನಾ, ಬರಕಾ. ಜೊತೆಗೆ ಹೆಚ್ಚಾಗಿ ಜೋಳದ ಅರಳಿನಂಥದ್ದು. ಇದನ್ನು ನಾವು ನಕಲು ಮಾಡಲು ಹೋಗುವುದು ಬೇಡ. ಹಸಿ ಕಾಫಿ ಬೀಜ ತರಿಸಿ, ನಮ್ಮ ರೊಟ್ಟಿ ಹೆಂಚು, ಕುಟ್ಟುವ ಕಲ್ಲು ಅವರ ಮುಂದೆ ಇಟ್ಟು, "ನಿಮ್ಮ ಮನೆಯಾಗ ಹೆಂಗ ಮಾಡ್ತೀರಿ, ತೋರಿಸ್ರಿ" ಅನ್ನಿ. ಹೆಂಚಿನ ಮೇಲೆ ಬೀಜ ಚಟ್ ಚಟ್ ಅನ್ನತೊಡಗಿದಾಗ ಶೇಂಗಾ ಹುರಿದು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಏನೂ ವಿವರಿಸಬೇಕಿಲ್ಲ. ಒಂದೇ ಎಚ್ಚರ: ಮೊದಲ ಬಟ್ಟಲಿಗೇ ಎದ್ದುಬಿಡಬೇಡಿ, ಮೂರೂ ಸುತ್ತು ಕೂಡ್ರುವುದು ಮರ್ಯಾದೆ.

ಇಟಲಿಯವರು ಹಾಲಿನ ಕಾಫಿಯನ್ನು ಬೆಳಗ್ಗೆ ಮಾತ್ರ ಕುಡಿಯುತ್ತಾರೆ. ಊಟದ ನಂತರ ಕಪ್ಪು ಡಿಕಾಕ್ಷನ್ ಒಂದು ಗುಟುಕು ಕೊಟ್ಟರೆ ಮುಗಿಯಿತು.

5. ದೇಶದೊಳಗಿನ ಚಹಾ

ಕಾಫಿ ಬೇಡ ಅಂದವರೆಲ್ಲ ನಮ್ಮ ಚಹಾ ಬೇಕು ಅನ್ನುತ್ತಿದ್ದಾರೆ ಅಂದುಕೊಳ್ಳಬೇಡಿ. ಅಸ್ಸಾಮಿನವರು ಹಾಲಿಲ್ಲದ ಕೆಂಪು ಚಹಾ ಕೇಳಬಹುದು, ಕೇರಳದವರು ಕಟ್ಟನ್ ಎಂಬ ಕಪ್ಪು ಚಹಾ, ಕಾಶ್ಮೀರದವರಿಗೆ ಉಪ್ಪು ಹಾಕಿದ ಗುಲಾಬಿ ಚಹಾ ಅಭ್ಯಾಸ. ಹೈದರಾಬಾದಿನವರ ಇರಾನಿ ಚಹಾದಲ್ಲಿ ಡಿಕಾಕ್ಷನ್ ಒಂದು ಕಡೆ ದಮ್ಮಿಗೆ, ಹಾಲು ಇನ್ನೊಂದು ಕಡೆ ಬತ್ತಿ ಗಟ್ಟಿಯಾಗಲು ಇಡುತ್ತಾರೆ. ಎಲ್ಲವನ್ನೂ ಕಲಿಯಬೇಕಿಲ್ಲ. ಹಾಲು ಸೇರಿಸುವ ಮೊದಲೇ ಒಂದು ಲೋಟ ತೆಗೆದಿಟ್ಟರೆ ಅರ್ಧದಷ್ಟು ಜನಕ್ಕೆ ಅದೇ ಸಾಕು. ಪೂರ್ವ ಏಷ್ಯಾದ ಬಹಳ ಜನಕ್ಕೆ ಹಾಲು ಅರಗುವುದಿಲ್ಲ ಎಂಬುದೂ ನೆನಪಿರಲಿ.

ಏಪ್ರಿಲ್, ಮೇನಲ್ಲಿ ಬಂದವರಿಗೆ ಬಾಗಿಲಲ್ಲೇ ಬಿಸಿ ಲೋಟ ಹಿಡಿಸಬೇಡಿ. ಮೊದಲು ನೀರು, ಮಜ್ಜಿಗೆ.

6. ಊಟ: ಶೇಂಗಾ, ಖಾರ, ತುಪ್ಪ

ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ತೊಗರಿ ಬ್ಯಾಳಿ, ಹಿಂಡಿ ಎನ್ನುವ ಚಟ್ನಿ ಪುಡಿ, ಮೊಸರು. ಇದಕ್ಕಿಂತ ಒಳ್ಳೆಯ ತಾಟನ್ನು ನಾನು ಯಾರಿಗೂ ಬಡಿಸಲಾರೆ. ನಮ್ಮ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ, ಅಂದರೆ ಈ ನೆಲದ ಬೆಳೆ ಎಂದು ಸರ್ಕಾರದ ಗುರುತು. ಬಂದವರಿಗೆ ಅದನ್ನು ಹೇಳಿ ಬಡಿಸಿ.

ಆದರೆ ಶೇಂಗಾದ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಕೆಲವರ ದೇಹಕ್ಕೆ ಶೇಂಗಾ ವಿಷದಂತೆ. ಚೂರು ಸೇರಿದರೂ ತುಟಿ ಬಾಯುತ್ತದೆ, ಮೈ ದದ್ದರಿಸುತ್ತದೆ, ಉಸಿರು ಕಟ್ಟುತ್ತದೆ, ಜೀವವೂ ಹೋಗಬಹುದು. ನನ್ನ ಮಗಳ ಜೊತೆ ಓದುವ ಹುಡುಗಿ ಮನೆಗೆ ಬಂದಾಗ "ಶೇಂಗಾ ಆಗಂಗಿಲ್ಲ ಆಂಟಿ" ಅಂದಿದ್ದಳು. ನಾನು ತಾಟಿನಿಂದ ಶೇಂಗಾ ಹಿಂಡಿ ತೆಗೆದೆ, ಅಷ್ಟೇ. ಎಣ್ಣೆಗಾಯಿಯ ಬದನೆಕಾಯಿಯೊಳಗೆ ತುಂಬಿದ್ದು ಹುರಿದ ಶೇಂಗಾ ಪುಡಿ ಎಂಬುದು ನೆನಪಾಗಲಿಲ್ಲ. ದಿನಾ ಮಾಡುವ ಕೈಗೆ ಅದು ಕಾಣುವುದೇ ಇಲ್ಲ. ನಾಲ್ಕು ತುತ್ತಿಗೆ ಅವಳ ತುಟಿ ಊದಿತು. ಆಸ್ಪತ್ರೆಗೆ ಓಡಿದೆವು, ಬೇಗ ಮುಟ್ಟಿದ್ದರಿಂದ ಉಳಿದಳು. ಅವತ್ತಿನಿಂದ ಬಡಿಸುವ ಮೊದಲು ಒಂದೊಂದು ಪಾತ್ರೆಯ ಮುಂದೆ ನಿಂತು ಇದರಲ್ಲಿ ಏನೇನು ಹಾಕಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ. ಪಲ್ಯದ ಪುಡಿ, ಶೇಂಗಾ ಹೋಳಿಗೆ, ಸುಸಲಾದ ಮೇಲಿನ ಕಾಳು, ಒಗ್ಗರಣೆಯ ಎಣ್ಣೆ, ಹಿಂಡಿಗೆ ಬಳಸಿದ ಮಿಕ್ಸಿ ಜಾರು, ಎಲ್ಲವನ್ನೂ ನೋಡಿ. ಶೇಂಗಾ ಆಗದವರಿಗೆ ಬೇರೆ ಪಾತ್ರೆ, ಬೇರೆ ಎಣ್ಣೆ, ಬೇರೆ ಸೌಟು. ಎಳ್ಳು ಆಗದವರೂ ಇರುತ್ತಾರೆ, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವ ಮೊದಲು ಕೇಳಿ.

ಗೋಧಿ ಆಗದವರಿಗೆ ನಮ್ಮ ಜೋಳ ವರವೇ ಸರಿ, ಅದರಲ್ಲಿ ಗ್ಲುಟೆನ್ ಎಂಬ ಗೋಧಿಯ ಅಂಟು ಇಲ್ಲ. ಆದರೆ ಅಂಗಡಿಯ ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುವುದುಂಟು. ಡಬ್ಬಿಯ ಹಿಂದಿನ ಬರಹ ಓದಿ. ಜೋಳ ಬೀಸಿಸುವ ಗಿರಣಿಯಲ್ಲಿ ಅದಕ್ಕೆ ಮೊದಲು ಗೋಧಿ ಬೀಸಿದ್ದರೆ ಅದೂ ಸೇರುತ್ತದೆ.

ಖಾರ ಕಡಿಮೆ ಮಾಡುವುದೆಂದರೆ ಪಲ್ಯಕ್ಕೆ ನೀರು ಹಾಕುವುದಲ್ಲ. ಖಾರ ಹಾಕುವ ಮೊದಲೇ ಅತಿಥಿಯ ಪಾಲು ಬೇರೆ ತೆಗೆಯಿರಿ. ಬಾಯಿ ಉರಿದವರಿಗೆ ನೀರು ಕೊಟ್ಟರೆ ಉರಿ ಹರಡುತ್ತದೆ, ಮೊಸರು ಕೊಡಿ. ಹಾಲಿನ ಪದಾರ್ಥ ಮುಟ್ಟದವರಿಗೆ ಬೆಲ್ಲ, ಅನ್ನ. ಅಂಥವರ ಬ್ಯಾಳಿಗೆ ತುಪ್ಪದ ಒಗ್ಗರಣೆ ಹಾಕಬೇಡಿ.

7. ನೇಮ, ಉಪವಾಸ, ಹೊತ್ತು

ಜೈನರಲ್ಲಿ ಬಹಳ ಜನ ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆಯಂಥ ನೆಲದೊಳಗೆ ಬೆಳೆಯುವುದನ್ನು ತಿನ್ನುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಳಖೇಡದ ಬಸದಿಗೆ ಬಂದವರನ್ನು ಕರೆದರೆ ಸಂಜೆ ಐದಕ್ಕೇ ತಾಟು ಹಾಕಿ.

ಮುಸ್ಲಿಂ ಅತಿಥಿಗಳಿಗೆ ಮಾಂಸ ಮಾಡುವುದಾದರೆ ಹಲಾಲ್ ಆಗಿರಬೇಕು, ಅಂದರೆ ಅವರ ವಿಧಿಯಂತೆ ಕೊಯ್ದದ್ದು. ಸಂಶಯವಿದ್ದರೆ ಶಾಖಾಹಾರವೇ ಮಾಡಿ, ಅವರಿಗೂ ಸಲೀಸು. ರಂಜಾನಿನಲ್ಲಿ ಹಗಲು ಬಂದವರಿಗೆ ನೀರು ಹಿಡಿಯುವ ಮೊದಲು "ರೋಜಾ ಇದ್ದೀರೇನ್ರಿ" ಅನ್ನಿ. ಇಲ್ಲ ಅಂದರೆ ಯಾಕೆಂದು ಕೇಳಬೇಡಿ. ಪ್ರಯಾಣದಲ್ಲಿದ್ದವರಿಗೆ, ಕಾಯಿಲೆಯವರಿಗೆ ಅದರಲ್ಲಿ ವಿನಾಯಿತಿ ಇದೆ.

ಇಲ್ಲೊಂದು ತೊಡಕು. ಅಮೃತ ಸ್ವೀಕರಿಸಿ ದೀಕ್ಷೆ ಪಡೆದ ಸಿಖ್ಖರಿಗೆ ಹಲಾಲ್ ಮಾಂಸ ನಿಷಿದ್ಧ. ಹಾಗಾಗಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡ್ರುವುದಾದರೆ ಗುರುದ್ವಾರದ ಲಂಗರ್ ಊಟದಂತೆ ಶಾಖಾಹಾರ ಮಾಡುವುದೇ ಜಾಣತನ. ಸಿಖ್ಖರ ಎದುರಿಗೆ ತಂಬಾಕು, ಗುಟ್ಕಾ ತೆಗೆಯಬೇಡಿ.

ಥಾಯ್ಲೆಂಡ್, ಶ್ರೀಲಂಕಾ ಕಡೆಯ ಥೇರವಾದ ಭಿಕ್ಷುಗಳು ಮಧ್ಯಾಹ್ನ 12ರ ನಂತರ ಗಟ್ಟಿ ಆಹಾರ ಮುಟ್ಟುವುದಿಲ್ಲ. ಊಟವನ್ನು 11ಕ್ಕೇ ಬಡಿಸಿ. ಮಧ್ಯಾಹ್ನ ಸನ್ನತಿ ನೋಡಿಕೊಂಡು ಬಂದರೆ ಹಾಲಿಲ್ಲದ ಕಾಫಿ, ಚಹಾ ಕೊಡಬಹುದು. ಎರಡೂ ಕೈಯಿಂದ ಕೊಡಿ. ಥಾಯ್ ಭಿಕ್ಷುಗಳು ಹೆಂಗಸರ ಕೈಯಿಂದ ನೇರ ತೆಗೆದುಕೊಳ್ಳದೆ ಬಟ್ಟೆ ಹಾಸಿ ಅದರ ಮೇಲೆ ಇಡಲು ಹೇಳುತ್ತಾರೆ. ಅದು ಅವರ ನೇಮ, ಅವಮಾನ ಅಂದುಕೊಳ್ಳಬೇಡಿ.

ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಅವರಿಗೆ ಬ್ಯಾಳಿ, ಪುಂಡಿ ಪಲ್ಯ, ರೊಟ್ಟಿ ಹೇಳಿ ಮಾಡಿಸಿದ ಊಟ. ಅವರೂ ಬಲಗೈಯಲ್ಲಿ ಇಂಜೆರಾ ಎಂಬ ಹುಳಿ ರೊಟ್ಟಿ ಮುರಿದು ಪಲ್ಯ ಹಿಡಿದು ತಿನ್ನುವವರೇ.

8. ಸಾಕು ಅಂದಾಗ

ನಮ್ಮಲ್ಲಿ ಮೊದಲ "ಸಾಕ್ರಿ" ಲೆಕ್ಕಕ್ಕಿಲ್ಲ. ಮೂರನೆಯದಕ್ಕೆ ತಾಟಿನ ಮೇಲೆ ಕೈ ಅಡ್ಡ ಬಂದಾಗಲೇ ಬಡಿಸುವವರು ನಿಲ್ಲುವುದು. ಈ ಒತ್ತಾಯದಲ್ಲಿ ಪ್ರೀತಿಯಿದೆ, ನನಗೂ ಅದು ಇಷ್ಟ. ಆದರೆ ಬೇರೆಡೆಯ ಬಹಳ ಜನ "ಬೇಡ" ಅಂದರೆ ಬೇಡವೆಂದೇ ಅರ್ಥ. ಅವರಿಗೆ ಒಂದು ಸಲ ಕೇಳಿ, ಬಿಡಿ. ಪಾತ್ರೆಯನ್ನು ಕೈಗೆಟುಕುವಂತೆ ಇಟ್ಟು "ನಿಮ್ಮ ಕೈಲೇ ಹಾಕ್ಕೊಳ್ರಿ" ಅಂದರೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ. ಕೈಯಲ್ಲಿ ಉಣ್ಣುವ ರೂಢಿ ಇಲ್ಲದವರಿಗೆ ಚಮಚವನ್ನು ಸುಮ್ಮನೆ ತಾಟಿನ ಪಕ್ಕ ಇಡಿ. ಅವರು ರೊಟ್ಟಿ ಮುರಿಯಲು ಒದ್ದಾಡುವುದನ್ನು ವಿಡಿಯೊ ಮಾಡಬೇಡಿ.

9. ಹೊರಡುವಾಗ

ಕಟ್ಟಿಕೊಡಲು ಖಡಕ್ ರೊಟ್ಟಿಯಂಥ ತಿನಿಸು ಬೇರೊಂದಿಲ್ಲ. ಪೂರ್ತಿ ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಡಿ. ಬಿಸಿಯಿರುವಾಗ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೆವತು ಮೆತ್ತಗಾಗುತ್ತದೆ. ವಿದೇಶಕ್ಕೆ ಹೊರಟವರಿಗೆ ಕೊಡುವ ಮೊದಲು ಅವರ ದೇಶದಲ್ಲಿ ಹೊರಗಿನ ತಿಂಡಿಗೆ ಏನು ನಿಯಮವಿದೆ ಎಂದು ಅವರನ್ನೇ ಕೇಳಿ. ಆಸ್ಟ್ರೇಲಿಯಾದಂಥ ಕಡೆ ವಿಮಾನ ನಿಲ್ದಾಣದಲ್ಲೇ ಬರೆದು ತಿಳಿಸಬೇಕು, ಇಲ್ಲವಾದರೆ ದಂಡ. ಹಿಂಡಿ ಕೊಡುವುದಾದರೆ ಅಗಸಿ, ಗುರೆಳ್ಳು, ಶೇಂಗಾ ಬೇರೆ ಬೇರೆ ಕಟ್ಟಿ, ಒಂದೊಂದರ ಮೇಲೂ ಏನಿದೆ ಎಂದು ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಅದು ಅವರ ಮನೆಯಲ್ಲಿ ಯಾರ ತಾಟಿಗೆ ಹೋಗುತ್ತದೋ ನಮಗೆ ಗೊತ್ತಿರುವುದಿಲ್ಲ.